ನಿಶ್ಚಿತ ಉಪಪದದ ಅನಿಶ್ಚಿತ ನಡತೆ: ಇಟಾಲಿಯನ್ ವ್ಯಾಕರಣದಲ್ಲೊಂದು ಶಾಸ್ತ್ರವಿಚಾರ

ನಾಮಪದದ ಮುಂದೆ ನಿಂತು, ಹೇಳುತ್ತಿರುವುದು ಕೇಳುಗನಿಗೆ ಗೊತ್ತಿರುವ ವಸ್ತುವೋ ಅಲ್ಲವೋ ಎಂಬುದನ್ನು ಸೂಚಿಸುವ ಕಿರುಪದಕ್ಕೆ ಉಪಪದವೆಂದು ಹೆಸರು; ಶಾಲೆಯ ಇಂಗ್ಲಿಷ್ ಪಾಠದಲ್ಲಿ ಆರ್ಟಿಕಲ್ ಎಂದು ಬೈಸಿಕೊಳ್ಳುವುದೂ ಇದೇ. ಗೊತ್ತಿರುವುದರ ಉಪಪದ ನಿಶ್ಚಿತ, ಗೊತ್ತಿಲ್ಲದ್ದರದು ಅನಿಶ್ಚಿತ. ಈ ಲಕ್ಷಣವನ್ನು ನಂಬಿ ಇಟಾಲಿಯನ್ ಭಾಷೆಗೆ ಕಾಲಿಟ್ಟ ಜಿಜ್ಞಾಸುವಿಗೆ ಇಲ್, ಲೋ, ಲಾ, ಇ, ಲ್ಯಿ, ಲೇ ಎಂಬ ಆರು ರೂಪಗಳೂ, ಸ್ವರ ಎದುರಾದೊಡನೆ ಬಾಲ ಕಳೆದುಕೊಂಡು ಉಳಿಯುವ 'ಲ್' ಎಂಬ ಏಳನೆಯದೂ ದರ್ಶನ ಕೊಡುತ್ತವೆ. ಅನಿಶ್ಚಿತಕ್ಕಾದರೋ ನಾಲ್ಕೇ ರೂಪಗಳಿರುವುದರಿಂದ, ಈ ಭಾಷೆಯಲ್ಲಿ ತಿಳಿದಿರುವುದಕ್ಕಿಂತ ತಿಳಿಯದಿರುವುದೇ ಸುಲಭವೆಂದು ಸಿದ್ಧವಾಗುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ಉಪಪದವೇ ಇರಲಿಲ್ಲ. ರೋಮನ್ನರು ಸಾಮ್ರಾಜ್ಯವನ್ನೂ ನ್ಯಾಯಶಾಸ್ತ್ರವನ್ನೂ ಅದಿಲ್ಲದೆಯೇ ನಡೆಸಿದರು. ಇಂದಿನ ಉಪಪದಗಳು 'ಇಲ್ಲೆ' ಎಂಬ, 'ಆ' ಎಂದು ಬೆರಳು ತೋರುವ ಪದವು ಬಾಯಿಂದ ಬಾಯಿಗೆ ಸವೆದು ಆದವು. ಅಂದರೆ ಒಂದೇ ಪಿತ್ರಾರ್ಜಿತವನ್ನು ಹಿಸ್ಸೆ ಮಾಡಿಕೊಂಡ ದಾಯಾದಿಗಳು. ಹಿಂದೆ ಲೋ ಎಂಬುದಕ್ಕಿದ್ದ ವಿಶಾಲ ಹಿಡುವಳಿಯನ್ನು ಇಲ್ ಬಹುಪಾಲು ಒತ್ತುವರಿ ಮಾಡಿಕೊಂಡಿದ್ದು, 'ಬಹುಮಟ್ಟಿಗೆ' ಎಂಬರ್ಥದ 'ಪೆರ್ ಲೋ ಪಿಯು'ವಿನಂಥ ಮೂಲೆಗಳಲ್ಲಿ ಮಾತ್ರ ಹಳೆಯ ಸ್ವಾಧೀನ ಮುಂದುವರಿದಿದೆ.

ಉಪಪದವು ತನ್ನ ನಾಮಪದದ ಸೇವಕನೆಂಬುದು ಪೂರ್ವಪಕ್ಷ. ಇದು ನಿಲ್ಲದು. ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡಾಗಲೂ, ತ್ಸಕಾರದ ಮುಂದೂ ಪುಲ್ಲಿಂಗದ ಏಕವಚನಕ್ಕೆ ಲೋ ಬರಬೇಕಾದ್ದರಿಂದ ವಿದ್ಯಾರ್ಥಿ 'ಲೋ ಸ್ತುದೆಂತೆ', ಚಿಕ್ಕಪ್ಪನೋ ಮಾವನೋ ಆದವನು 'ಲೋ ತ್ಸಿಯೊ'. ಆದರೆ ಅದೇ ಮಾವ ಮುದುಕನಾಗಿ, ಆ ವಿಶೇಷಣವು ನಡುವೆ ಬಂದು ಕುಳಿತೊಡನೆ, ಅವನು 'ಇಲ್ ವೆಕ್ಕಿಯೊ ತ್ಸಿಯೊ' ಆಗುತ್ತಾನೆ. ಮಾವ ಅವನೇ, ಅವನ ನಿಶ್ಚಿತತೆಯೂ ಅಷ್ಟೇ. ಉಪಪದ ಮಾತ್ರ ಪಕ್ಷಾಂತರ ಮಾಡಿದೆ. ಆದುದರಿಂದ ಅದರ ನಿಷ್ಠೆ ಅರ್ಥಕ್ಕಲ್ಲ, ಪಕ್ಕದಲ್ಲಿ ಕುಳಿತವರ ಮೊದಲ ಸದ್ದಿಗೆ ಎಂಬುದೇ ಸಿದ್ಧಾಂತ. ಅನಿಶ್ಚಿತದ ಕಥೆ ಇನ್ನೂ ಸೂಕ್ಷ್ಮ: 'ಉನ್ ಇನ್ಸೆನ್ಯಾಂತೆ' ಎಂದರೆ ಒಬ್ಬ ಶಿಕ್ಷಕ, ನಡುವೆ ಲೋಪಚಿಹ್ನೆ ಹಾಕಿದರೆ ಒಬ್ಬ ಶಿಕ್ಷಕಿ, ಉಚ್ಚಾರ ಎರಡಕ್ಕೂ ಒಂದೇ ಆದುದರಿಂದ, ಬರುವವರು ಯಾರೆಂದು ಕಿವಿಯಿಂದ ತಿಳಿಯಲಾಗದು, ಚೀಟಿ ಬರೆಸಿ ನೋಡಬೇಕು.

ಕುಟುಂಬಪ್ರಕರಣವು ಕ್ಲಿಷ್ಟ. 'ನನ್ನ' ಎಂಬರ್ಥದ ಪದಕ್ಕೆ ಸಾಮಾನ್ಯವಾಗಿ ಉಪಪದ ಜೊತೆಗಿರಬೇಕಾದರೂ, ಏಕವಚನದ ಬಂಧುವಾಚಕದಲ್ಲಿ ಅದು ಬೀಳುತ್ತದೆ: 'ಮಿಯಾ ಮಾದ್ರೆ', ನನ್ನ ತಾಯಿ. ಆದರೆ ಮುದ್ದಿನಿಂದ ಮಮ್ಮಾ ಎಂದರೆ ಉಪಪದ ಮರಳಬಹುದು; ಸೋದರಿ ಒಬ್ಬಳಿದ್ದಾಗ ಬೇಡದ್ದು ಇಬ್ಬರಾದರೆ ಬೇಕು; ಅವಳನ್ನು 'ಅಕ್ಕ' ಎಂದು ತೋರಲು 'ಹಿರಿಯ' ಎಂಬ ವಿಶೇಷಣ ಸೇರಿಸಿದರೂ ಬೇಕು; 'ಅವರ ತಾಯಿ' ಎಂದಾಗಲಂತೂ ಕಡ್ಡಾಯ. ಪರರ ತಾಯಿಗೆ ನಿಶ್ಚಿತತೆಯ ಪ್ರಮಾಣಪತ್ರ ಅಗತ್ಯ, ಸ್ವಂತ ತಾಯಿಗೆ ಬೇಡವೆಂಬ ಈ ನಿಯಮದ ಔಚಿತ್ಯವನ್ನು ಯಾವ ಮಗನೂ ಪ್ರಶ್ನಿಸಲಾರ.

ಕವಿಗಳಲ್ಲಿ ಪೆತ್ರಾರ್ಕನಿಗೂ ತಾಸ್ಸೋನಿಗೂ ಸಂಪ್ರದಾಯವು ಉಪಪದ ನೀಡಿದೆ. ದಾಂತೆಗೆ ಇಲ್ಲ, ಅದು ಮನೆತನದ ಹೆಸರಲ್ಲವಾದ್ದರಿಂದ. ಸ್ತ್ರೀಯರ ಮನೆತನದ ಹೆಸರಿಗೆ ಮಾತ್ರ ಲಾ ಹಚ್ಚುವ ರೂಢಿಯನ್ನು ಬಿಡಬೇಕೆಂದು ಆಲ್ಮಾ ಸಬಾತೀನಿ ಲಿಂಗತಾರತಮ್ಯವಿಲ್ಲದ ಭಾಷಾಬಳಕೆಗಾಗಿ ಮಾಡಿದ 1987ರ ತಮ್ಮ ಶಿಫಾರಸುಗಳಲ್ಲಿ ಸೂಚಿಸಿದರು; ಈ ಪ್ರಬಂಧದಲ್ಲಿ ನಗಲಾಗದ ಸಂಗತಿ ಇದೊಂದೇ.

ಭಾಷಾಶುದ್ಧಿಗಾಗಿ ಫ್ಲಾರೆನ್ಸಿನಲ್ಲಿ 1583ರಲ್ಲಿ ಹುಟ್ಟಿದ ಅಕಾಡೆಮಿಯು ಹಿಟ್ಟಿನಿಂದ ಬೂಸಾ ಜರಡಿ ಹಿಡಿಯುವುದೇ ಕಾಯಕವೆಂದು 'ಕ್ರೂಸ್ಕಾ', ಅಂದರೆ ಬೂಸಾ, ಎಂಬ ಹೆಸರನ್ನೇ ಇಟ್ಟುಕೊಂಡಿತು. ಜರಡಿಯಲ್ಲಿ ಇನ್ನೂ ಆಡುತ್ತಿರುವ ಕಾಳೊಂದಿದೆ: ವಾಹನದ ಟೈರಿಗೆ ಇರುವ 'ಪ್ನೆಯುಮಾತಿಕೊ' ಎಂಬ ಪದ. ಪಕಾರಕ್ಕೆ ನಕಾರ ಅಂಟಿದ್ದರಿಂದ ಅದಕ್ಕೆ ಲೋ ಬರಬೇಕೆಂದು ವ್ಯಾಕರಣವೂ, ಇಲ್ ಸಾಕೆಂದು ಬೀದಿಯ ಮಾತೂ ಎಳೆದಾಡುತ್ತಿರುವಾಗ, ಪಂಚರ್ ಅಂಗಡಿಯವನು 'ಲಾ ಗೊಮ್ಮಾ', ಅಂದರೆ ರಬ್ಬರು, ಎಂದು ಹೇಳಿ ಚಕ್ರ ಬಿಚ್ಚುತ್ತಾನೆ.