ಬೆಳಗಿನ ಐದರ ಗುಡ್ ಮಾರ್ನಿಂಗ್: ಒಂದು ಹಾಜರಿ ಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮೆಟ್ಟಿಲುಗಳನ್ನು ಹತ್ತಲೇಬೇಕೆಂದು ಮೀಮಾಂಸಕರು ವಿಧಿಸಿದ್ದಾರೆ. ಹತ್ತೋಣ. ವಿಷಯ: ಭದ್ರಾವತಿಯ ನ್ಯೂ ಟೌನ್, ಜನ್ನಾಪುರ, ಕಾಗದನಗರ, ಹಳೇನಗರಗಳಲ್ಲಿ ಕೆಎಎಸ್‌, ಪಿಎಸ್‌ಐ, ಎಫ್‌ಡಿಎ, ಪಿಡಿಒ ಎಂದು ಓದುವ ಹುಡುಗ ಹುಡುಗಿಯರು ಕಟ್ಟಿಕೊಳ್ಳುವ ವಾಟ್ಸ್ಯಾಪ್ ಸ್ಟಡಿ ಗ್ರೂಪು. ಸಂಶಯ: ಇದರಿಂದ ಯಾರಾದರೂ ನಿಜವಾಗಿ ಓದುತ್ತಾರೆಯೇ? ಪೂರ್ವಪಕ್ಷ: ಇಲ್ಲ. ಈ ಪಕ್ಷದ ಆಚಾರ್ಯರು ಬಹುಮಟ್ಟಿಗೆ ತಂದೆತಾಯಿಗಳು. ಅವರ ಭಾಷ್ಯಗ್ರಂಥ ಒಂದೇ ವಾಕ್ಯದ್ದು, 'ಯಾವಾಗ ನೋಡಿದ್ರೂ ಮೊಬೈಲು'. ಸಿದ್ಧಾಂತ: ಓದುತ್ತಾರೆ. ಆದರೆ ಗ್ರೂಪಿಗೆ ಬಂದು ಬೀಳುವ ಪಾಠದಿಂದಲ್ಲ, ಅಲ್ಲಿ ಬೀಳುವ ಹಾಜರಿಯಿಂದ. ದಿನಕ್ಕೆ ನೂರು ಸಂದೇಶ ಬಂದರೂ 'ಕೂತೆ' ಮತ್ತು 'ಮುಗಿಸಿದೆ' ಎಂಬ ಎರಡೇ ಸಾರ್ಥಕ; ಮಿಕ್ಕ ತೊಂಬತ್ತೆಂಟು ಆ ಎರಡಕ್ಕೆ ಹೊದಿಸಿದ ಶಾಲು. ಇದನ್ನು ಪ್ರಮಾಣಸಹಿತ ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಕೆಲಸ.

ಇಂಥ ಸಿದ್ಧಾಂತ ಬೇರೆ ಊರಲ್ಲಿ ಹುಟ್ಟುವುದು ಕಷ್ಟ, ಏಕೆಂದರೆ ಬೇರೆ ಊರುಗಳು ಹಾಜರಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಹಿಂದೆ ಬೆಂಕಿಪುರವಾಗಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಮೇಲೆ ಕೂತು ಲೆಕ್ಕ ಕೇಳಲು ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಕಾಗದದ ಕಾರ್ಖಾನೆ ಎಂಪಿಎಂ ಸ್ಥಾಪನೆಯಾಯಿತು. ಅಂದಿನಿಂದ ಊರಿನ ಕಾಲಮಾನವೆಂದರೆ ಮೂರು ಪಾಳಿ. ಸೈರನ್ ಕೂಗಿದರೆ ಅಪ್ಪ ಏಳುತ್ತಾನೆ, ಅಪ್ಪ ಎದ್ದರೆ ಅಮ್ಮ ಒಲೆ ಹಚ್ಚುತ್ತಾಳೆ, ಒಲೆ ಹತ್ತಿದರೆ ಮಗ ಪುಸ್ತಕ ತೆಗೆಯಲೇಬೇಕು. ಓದಿನ ಈ ಕಾರಣಪರಂಪರೆಯಲ್ಲಿ ಮೊದಲ ಕೊಂಡಿ ಮಗನ ಜ್ಞಾನದಾಹವಲ್ಲ, ಕಾರ್ಖಾನೆಯ ಟೈಮ್ ಆಫೀಸು ಎಂಬುದನ್ನು ಗಮನಿಸಬೇಕು. ಎಂಪಿಎಂನಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನೂ, ಅಂದರೆ ಇಂದಿನ ವಿಐಎಸ್‌ಎಲ್ ಅನ್ನೂ, ಮುಚ್ಚುವ ತೀರ್ಮಾನ ಹೊರಬಿತ್ತು. ಆಮೇಲೆ ಅಷ್ಟಿಷ್ಟು ಕೆಲಸ ಮತ್ತೆ ಶುರುವಾದರೂ ಊರನ್ನು ಎಬ್ಬಿಸುವಷ್ಟಲ್ಲ. ಹೀಗೆ ಟೈಮ್ ಆಫೀಸು ಬಡವಾದಾಗ ಖಾಲಿಯಾದ ಜಾಗಕ್ಕೆ ಸದ್ದಿಲ್ಲದೆ ಬಂದು ಕೂತದ್ದು ಗ್ರೂಪ್ ಅಡ್ಮಿನ್. ಕಾಗದ ಮಾಡುತ್ತಿದ್ದ ಊರಿನ ಮಕ್ಕಳು ಈಗ ಪಿಡಿಎಫ್ ಓದುತ್ತಾರೆ ಎಂಬುದರಲ್ಲಿ ವ್ಯಂಗ್ಯವಿದೆ, ನಿಜ. ಅದನ್ನು ಕವಿಗಳಿಗೆ ಬಿಟ್ಟಿದ್ದೇವೆ.

ಈಗ ಪ್ರತ್ಯಕ್ಷ ಪ್ರಮಾಣ. ಬೆಳಗಿನ ಐದಕ್ಕೆ ಅಡ್ಮಿನ್ ಕಡೆಯಿಂದ ಸೂರ್ಯೋದಯ, ಗುಲಾಬಿ ಮತ್ತು ಒಬ್ಬ ದೇವರು ಸೇರಿದ ಒಂದು ಚಿತ್ರ. ಐದು ನಿಮಿಷದೊಳಗೆ ಏಳೆಂಟು 'ಜಿಎಂ ಸರ್'. ನಂತರ 'ಇವತ್ತಿನ ಟಾರ್ಗೆಟ್: ಸಂವಿಧಾನ, 12ರಿಂದ 35ನೇ ವಿಧಿ'. ಅದಕ್ಕೆ ಹೆಬ್ಬೆರಳುಗಳು. ಬಳಿಕ ಪ್ರಚಲಿತ ಘಟನೆಗಳ ಪಿಡಿಎಫ್. ಅದು ಇಳಿಯುವ ಮೊದಲೇ ಮೂರು 'ಥ್ಯಾಂಕ್ಯೂ ಸರ್'. ಆರಕ್ಕೆ ಒಬ್ಬಳು ಬರೆಯುತ್ತಾಳೆ, 'ಕೂತೆ'. ಮತ್ತೊಬ್ಬ, 'ನಾನೂ'. ಇಲ್ಲಿಂದ ಎಂಟರ ತನಕ ಗ್ರೂಪು ಮೌನ. ಶಾಸ್ತ್ರಕಾರರ ಕಣ್ಣು ನೆಡಬೇಕಾದದ್ದು ಈ ಎರಡು ಗಂಟೆಯ ಮೇಲೆ. ಎಂಟಕ್ಕೆ 'ಮುಗೀತು, 21ಎ ತನಕ'. 'ನಂದು 19ಕ್ಕೇ ನಿಂತಿದೆ ಕಣೆ.' 'ಸಂಜೆ ಕೇಳ್ತೀನಿ, ಓದಿರು.' ಈ ಕೊನೆಯ ಮೂರು ಪದಗಳಲ್ಲಿ ಕೋಚಿಂಗ್ ಎಂಬ ಮಹಾವೃಕ್ಷದ ಬೀಜವಿದೆ. ಪಿಡಿಎಫ್ ಮಾತ್ರ ಯಾರ ಫೋನಿನಲ್ಲೂ ತೆರೆಯದೆ, ಮೆಮೊರಿ ತುಂಬುವ ದಿನದವರೆಗೆ ಸಮಾಧಿಸ್ಥಿತಿಯಲ್ಲಿ ಇರುತ್ತದೆ.

ತಾರ್ಕಿಕರು ಇಲ್ಲಿ ಎದ್ದು ನಿಲ್ಲುತ್ತಾರೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಭದ್ರಾವತಿಯ ಮಟ್ಟಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಚಿಮಣಿ ನೋಡಿ ಕುಲುಮೆಯ ಆರೋಗ್ಯ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದರು. ಅದೇ ನ್ಯಾಯದಿಂದ, 'ಕೂತೆ' ಎಂಬ ಸಂದೇಶ ಕಂಡಲ್ಲಿ ಓದು ಇದೆ ಎನ್ನಬಹುದೇ? ಪ್ರತಿವಾದಿ ಹೇಳುತ್ತಾನೆ, ಹಾಸಿಗೆಯಲ್ಲಿ ಮಲಗಿಯೂ 'ಕೂತೆ' ಎಂದು ಬರೆಯಬಹುದು, ಆದ್ದರಿಂದ ಹೇತು ದುಷ್ಟ. ಒಪ್ಪಿದೆವು. ಆದರೆ ಒಂದು ಸೂಕ್ಷ್ಮವಿದೆ. ಸುಳ್ಳು ಹೇಳಿದವನನ್ನು ಸಂಜೆ ಯಾರೂ ಏನೂ ಕೇಳದಿದ್ದರೆ ಮಾತ್ರ ಆ ಸುಳ್ಳು ಆರಾಮದ್ದು. 'ಸಂಜೆ ಕೇಳ್ತೀನಿ' ಎನ್ನುವವರು ಒಬ್ಬರಿದ್ದರೂ ಮಲಗಿದವನ ನಿದ್ದೆಗೆ ಮುಳ್ಳು ಬೀಳುತ್ತದೆ. ಅಂದರೆ ಸಂದೇಶವು ಓದಿಗೆ ಸಾಕ್ಷಿಯಲ್ಲ, ಓದಿಗೆ ಬರೆದುಕೊಟ್ಟ ಸಾಲಪತ್ರ. ಇನ್ನೊಂದು ತೊಡಕನ್ನು ತಾರ್ಕಿಕರೇ ಎಂದೋ ಎತ್ತಿಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಿಲ್ಲ. ಅದಕ್ಕೆ ಅವರು ಕೊಡುವ ಉದಾಹರಣೆ ಕಾದು ಕೆಂಪಾದ ಕಬ್ಬಿಣದ ಉಂಡೆ. ಕಬ್ಬಿಣದೂರಿನ ಓದುಗರಿಗೆ ಈ ಉದಾಹರಣೆ ಹೊರಗಿನದಲ್ಲ. ಗ್ರೂಪಿನಲ್ಲಿ ಒಂದಕ್ಷರವೂ ಬರೆಯದೆ ಒಳಗೊಳಗೇ ಕೆಂಪಗೆ ಕಾಯುತ್ತಿರುವ ಸದಸ್ಯೆಯೊಬ್ಬಳು ಇದ್ದೇ ಇರುತ್ತಾಳೆ. ಅವಳ ಪ್ರಕರಣಕ್ಕೆ ಆಮೇಲೆ ಬರುತ್ತೇವೆ.

ಪಾಶ್ಚಾತ್ಯ ಪ್ರಮಾಣವಿಲ್ಲದೆ ಪ್ರಬಂಧಕ್ಕೆ ತೂಕ ಬಾರದು ಎಂಬ ನಂಬಿಕೆಯಿರುವುದರಿಂದ ಅದನ್ನೂ ಒದಗಿಸುತ್ತೇವೆ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಸವಾರರು ಒಂಟಿಯಾಗಿ ತುಳಿಯುವುದಕ್ಕಿಂತ ಪೈಪೋಟಿಯಲ್ಲಿ ಜೋರಾಗಿ ತುಳಿಯುತ್ತಾರೆ ಎಂದು ತೋರಿಸಿದ. ಇದು ಗ್ರೂಪಿನ ಪರ. ಆದರೆ ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮಾನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗ ಗ್ರೂಪಿನ ವಿರುದ್ಧ: ಹಗ್ಗಕ್ಕೆ ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತ ಹೋಯಿತು. ಜಗಳ ಬಿಡಿಸಿದ್ದು ಜಿರಳೆ. 1969ರಲ್ಲಿ ರಾಬರ್ಟ್ ಝಯಾನ್ಸ್ ಮತ್ತು ಸಂಗಡಿಗರು ಜಿರಳೆಗಳನ್ನು ಓಡಿಸಿ ನೋಡಿದರು. ಪಕ್ಕದಲ್ಲಿ ನೋಡುವ ಜಿರಳೆಗಳಿದ್ದರೆ ನೇರ ದಾರಿಯಲ್ಲಿ ಓಡುವ ಜಿರಳೆಯ ವೇಗ ಹೆಚ್ಚಿತು, ತಿರುವಿನ ದಾರಿಯಲ್ಲಿ ಕುಗ್ಗಿತು. ಅಭ್ಯರ್ಥಿಗಳ ಕ್ಷಮೆ ಕೋರಿ ಇದನ್ನು ಅನ್ವಯಿಸಿದರೆ, ಬೇಗ ಏಳುವುದು, ಕೂರುವುದು, ವಿಧಿಗಳ ಸಂಖ್ಯೆ ಬಾಯಿಪಾಠ ಮಾಡುವುದು ಇವೆಲ್ಲ ನೇರ ದಾರಿ. ಇಲ್ಲಿ ಗ್ರೂಪು ಸಂಜೀವಿನಿ. ಮೆಂಟಲ್ ಎಬಿಲಿಟಿ, ಪ್ರಬಂಧ ಬರೆಯುವುದು, ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳುವುದು ತಿರುವಿನ ದಾರಿ. ಅಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಗ್ರೂಪಿನಲ್ಲಿ ಲೆಕ್ಕ ಹೇಳಿಕೊಡಲು ಹೊರಟವರ ಗತಿ ಎಲ್ಲರೂ ಬಲ್ಲರು. ಒಂದು ಪ್ರಶ್ನೆಗೆ ಎ, ಬಿ, ಸಿ, ಡಿ ನಾಲ್ಕೂ ಉತ್ತರ ಬರುತ್ತವೆ. ಕೊನೆಗೆ ಯಾರ ದನಿ ದೊಡ್ಡದೋ, ಅಂದರೆ ಯಾರ ವಾಯ್ಸ್ ಮೆಸೇಜ್ ಉದ್ದವೋ, ಅದೇ ಸರಿ.

ರಿಂಗಲ್‌ಮಾನನ ಹಗ್ಗದಿಂದ ಇನ್ನೊಂದು ಸೂತ್ರ ಹೊರಡುತ್ತದೆ: ಒಬ್ಬರು ಬಾರದಿದ್ದರೆ ಗೊತ್ತಾಗುವಷ್ಟು ಚಿಕ್ಕದಿರುವುದೇ ಗ್ರೂಪು. ವಾಟ್ಸ್ಯಾಪು 2016ರಲ್ಲಿ ಸದಸ್ಯರ ಮಿತಿಯನ್ನು 256 ಮಾಡಿತು, 2022ರಲ್ಲಿ 1024. ಇದನ್ನು ಪ್ರಗತಿ ಎನ್ನುವವರು ಹಾಜರಿಯ ತತ್ತ್ವ ತಿಳಿದವರಲ್ಲ. ಸಾವಿರ ಜನರ ಗ್ರೂಪಿನಲ್ಲಿ ಯಾರು ಇಲ್ಲ ಎಂದು ದೇವರಿಗೂ ಗೊತ್ತಾಗದು. ಆಕಾಶವಾಣಿ ಭದ್ರಾವತಿ ಕೇಂದ್ರ 675 ಕಿಲೋಹರ್ಟ್ಸ್‌ನಲ್ಲಿ ದಶಕಗಳ ಕಾಲ ಮಲೆನಾಡಿಗೆಲ್ಲ ಕೇಳುವಂತೆ ಮಾತಾಡಿತು. ಕೇಳಿದ್ದು ಯಾರು ಎಂದು ಅದಕ್ಕೆ ತಿಳಿಯುವಂತಿರಲಿಲ್ಲ. ತಿಳಿಯುವಂತಾದದ್ದು 2014ರ ನವೆಂಬರಿನಲ್ಲಿ ನೀಲಿ ಟಿಕ್ ಬಂದಮೇಲೆ. ಗ್ರೂಪಿನಲ್ಲಂತೂ ಕೊನೆಯ ಸದಸ್ಯ ನೋಡುವ ತನಕ ಟಿಕ್ಕು ನೀಲಿಯಾಗುವುದಿಲ್ಲ. ಸಂದೇಶ ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರು ಓದಿದರು, ಯಾರಿಗೆ ತಲುಪಿಯೂ ಓದಿಲ್ಲ ಎಂಬ ಪಟ್ಟಿ ಸಿಗುತ್ತದೆ. ಕಾರ್ಖಾನೆಯ ಮಸ್ಟರ್ ರೋಲಿಗೂ ಇಷ್ಟು ವಿವರ ಇರಲಿಲ್ಲ. ಈ ಆ್ಯಪ್ ಮಾಡಿದವರು ಗುಪ್ತವಾಗಿ ಭದ್ರಾವತಿಯವರಿರಬೇಕು ಎಂಬ ನಮ್ಮ ಗುಮಾನಿಗೆ ಬಲವಾದ ಸಾಕ್ಷಿ ಇನ್ನೊಂದಿದೆ. ಗ್ರೂಪನ್ನು ಮ್ಯೂಟ್ ಮಾಡುವ ಮೊದಲ ಆಯ್ಕೆ ಎಂಟು ಗಂಟೆ. ಏಳಲ್ಲ, ಹತ್ತಲ್ಲ. ಸರಿಯಾಗಿ ಒಂದು ಪಾಳಿ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಈ ಸಂಖ್ಯೆ ತಾನಾಗಿ ಹೊಳೆಯಿತು ಎಂದು ನಂಬಲು ಸಂಶೋಧಕನ ಮನಸ್ಸು ಒಪ್ಪುವುದಿಲ್ಲ.

ಗುರುವಿಲ್ಲದೆ ವಿದ್ಯೆಯೇ, ಮುಖ ನೋಡದೆ ಕೋಚಿಂಗೇ ಎಂಬ ಆಕ್ಷೇಪ ಹಳಬರದು, ಗೌರವಕ್ಕೆ ಅರ್ಹವಾದದ್ದು. ಅವರಿಗೆ ನಮ್ಮ ಜಿಲ್ಲೆಯದೇ ಶಾಸನ ತೋರಿಸುತ್ತೇವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ನಾಲ್ಕು ವೇದ, ಕೌಮಾರ ಪಾಣಿನೀಯಾದಿ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧಾದಿ ದರ್ಶನಗಳು, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಏರ್ಪಾಡಿತ್ತು ಎನ್ನುತ್ತದೆ. ಸಿಲಬಸ್ಸಿನ ಉದ್ದದಲ್ಲಿ ಇದು ಕೆಪಿಎಸ್‌ಸಿಗೆ ಸೋಲುವುದಿಲ್ಲ. ಆದರೆ ಶಾಸನ ಅಲ್ಲಿಗೆ ನಿಲ್ಲದೆ ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ಎಂದೂ ಮುಂದುವರಿಯುತ್ತದೆ. ಮಠಕ್ಕೆ ತಿಳಿದಿದ್ದ ಗುಟ್ಟು ಇದು: ಪಾಠ ಎಲ್ಲಿಯೂ ಸಿಗುತ್ತದೆ, ಜನ ಒಂದೆಡೆ ಇರಲು ಕಾರಣ ಬೇಕು. ಮಠದಲ್ಲಿ ಅದು ಊಟ, ಗ್ರೂಪಿನಲ್ಲಿ 'ಕೂತೆ'. ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಅವರ ಮನೆ ಬಾಗಿಲಿಗೆ ಹೋಗಿ ಕಲಿಯಬೇಕು, ಇದರಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯವಿಲ್ಲ. ಗ್ರೂಪು ಮೇಷ್ಟ್ರಿಗೆ ಬದಲಿ ಎಂದು ನಾವು ಹೇಳಿಲ್ಲ. ಅದು ಸೈರನ್ನಿಗೆ ಬದಲಿ.

ಗಾಳಿಸುದ್ದಿಯ ಆಕ್ಷೇಪ ಇನ್ನೂ ಗಟ್ಟಿ. ಪೇಪರ್ ಔಟಂತೆ, ಕಟಾಫ್ ಇಳಿಯುತ್ತಂತೆ, ನೋಟಿಫಿಕೇಷನ್ ನಾಳೆಯೇ ಅಂತೆ. 'ಅಂತೆ' ಇಲ್ಲದೆ ಗ್ರೂಪಿಲ್ಲ. 2018ರ ಜುಲೈನಲ್ಲಿ ಭಾರತಕ್ಕೆಂದೇ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ತಡೆ ಬಂದದ್ದು ಗಾಳಿಸುದ್ದಿಯಿಂದ ಜನರ ಜೀವವೇ ಹೋದಮೇಲೆ. ಅಂಥ ಕಡೆ ತಮಾಷೆಗೆ ಜಾಗವಿಲ್ಲ. ಆದರೆ ಪರೀಕ್ಷೆಯ ವಿಷಯದಲ್ಲಿ ಗಾಳಿಸುದ್ದಿಯೇ ಕೆಲವೊಮ್ಮೆ ಗೆಜೆಟ್ಟಿಗಿಂತ ಮೊದಲು ನಿಜವಾಗುತ್ತದೆ ಎಂಬುದು ಅಭ್ಯರ್ಥಿಗಳ ದುರದೃಷ್ಟ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕೆಎಎಸ್‌ನ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದದ ಎಡವಟ್ಟುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಮೊದಲ ಪಿಎಸ್‌ಐ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳು. ಅಷ್ಟು ಕಾಲ ಕೋಚಿಂಗ್ ಫೀಸು ಕಟ್ಟುವ ಶಕ್ತಿ ಯಾರಪ್ಪನಿಗಿದೆ? ಊದುಕುಲುಮೆ ನಡೆಸಿದವರನ್ನು ಕೇಳಿ: ಅದನ್ನು ಆರಿಸಿ ಮತ್ತೆ ಹಚ್ಚುವುದು ಮಹಾ ಖರ್ಚಿನ ಬಾಬತ್ತು, ಅದಿರು ಬಾರದ ದಿನಗಳಲ್ಲೂ ಒಳಗೆ ಕೆಂಡ ಉಳಿಸಿಕೊಳ್ಳುವುದೇ ಜಾಣತನ. ಆ ಎರಡೂಕಾಲು ವರ್ಷ ಕಾಸಿಲ್ಲದೆ ಕೆಂಡ ಕಾಯಬಲ್ಲದ್ದು 'ಜಿಎಂ ಸರ್' ಒಂದೇ. ಗುಲಾಬಿಯ ಚಿತ್ರವನ್ನು ನೋಡಿ ನಗುವವರು ದಯವಿಟ್ಟು ಈ ದಿನಾಂಕಗಳನ್ನೂ ನೋಡಬೇಕು.

ಕೊನೆಯ ಆಕ್ಷೇಪ ಗ್ರೂಪು ಬಿಟ್ಟು ಹೋಗುವವರ ಕುರಿತು. ಹಾಜರಿಯೇ ಓದಿನ ಬೇರು ಎಂದಾದರೆ ಬಿಟ್ಟುಹೋದವರು ಉದ್ಧಾರವಾಗಬಾರದಷ್ಟೆ? ಇತಿಹಾಸ ಇಲ್ಲಿ ನಮ್ಮ ವಿರುದ್ಧ ನಿಂತಿದೆ, ಅದೂ ನಮ್ಮ ಜಿಲ್ಲೆಯ ಇತಿಹಾಸ. ಕವಿ ಕುಬ್ಜ ರಚಿಸಿದ ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮ ಗುರು ವೀರಶರ್ಮನೊಂದಿಗೆ ಉನ್ನತ ವ್ಯಾಸಂಗಕ್ಕೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಕೋರ್ಸು ಮುಗಿಸದೆ ಹೊರಬಂದು ಕದಂಬ ರಾಜ್ಯ ಕಟ್ಟಿದ. ಕೋಚಿಂಗ್ ಬಿಟ್ಟವರ ಸಾಧನೆಯ ಪಟ್ಟಿಯಲ್ಲಿ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಉತ್ತರ: ಮಯೂರಶರ್ಮ ಎದ್ದುಹೋದದ್ದು ಎಲ್ಲರಿಗೂ ಗೊತ್ತಾಯಿತು, ಪಲ್ಲವರಿಗಂತೂ ಚೆನ್ನಾಗಿಯೇ. ಗೊತ್ತಾಗುವಂತೆ ಬಿಡುವುದೂ ಒಂದು ಬಗೆಯ ಹಾಜರಿ. ಅಪಾಯವಿರುವುದು 2022ರ ಆಗಸ್ಟ್ ನಂತರದ ಏರ್ಪಾಡಿನಲ್ಲಿ; ಈಗ ಗ್ರೂಪು ಬಿಟ್ಟರೆ ಅಡ್ಮಿನ್ನರಿಗಷ್ಟೇ ಸುದ್ದಿ, ಜೊತೆಗೆ ಓದಿದವರಿಗೆ ಇಲ್ಲ. ಹೀಗಾಗಿ ಸೋತು ಬಿಟ್ಟವನನ್ನು 'ಯಾಕೋ, ಏನಾಯ್ತೋ' ಎಂದು ಕೇಳುವ ಅವಕಾಶ ಗೆಳೆಯರಿಗೆ ತಪ್ಪುತ್ತದೆ. ಆದ್ದರಿಂದ ಅಡ್ಮಿನ್ ಆದವನು ಆ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಳ್ಳಬಾರದೆಂದು ಈ ಪ್ರಬಂಧ ವಿಧಿಸುತ್ತದೆ. ಉಳಿದದ್ದು ಕೆಂಪಗೆ ಕಾದ ಉಂಡೆಯ ಪ್ರಕರಣ. ತಿಂಗಳಿಗೊಮ್ಮೆ 'ಇನ್‌ಆಕ್ಟಿವ್ ಮೆಂಬರ್ಸ್ ರಿಮೂವ್ ಮಾಡ್ತೀನಿ' ಎಂದು ಗುಡುಗುವ ಅಡ್ಮಿನ್ನರಿಗೆ ಸೂಚನೆ: ತೆಗೆಯುವ ಮುನ್ನ ಆಯ್ಕೆಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇದ್ದರೆ, ಅವಳನ್ನೇ ಅಡ್ಮಿನ್ ಮಾಡಿ ನೀವು ಓದಲು ಕೂರಬಹುದು.