ಸಕಲ ಉತ್ಸವ ಸಮಿತಿಗಳಿಗೆ ಯಡ್ತರೆಯಿಂದ ಒಂದು ಬಹಿರಂಗ ಪತ್ರ

ಇವರಿಗೆ:
ಜಾತ್ರೆ, ಕಂಬಳ, ಸಮಾವೇಶ ಹಾಗೂ ವಿಜಯೋತ್ಸವ ಸಮಿತಿಗಳ ಅಧ್ಯಕ್ಷರು, ಗೌರವಾಧ್ಯಕ್ಷರು ಮತ್ತು ಮಹಾಪೋಷಕರು

ಮಾನ್ಯರೇ,

ತಮ್ಮ ಆಮಂತ್ರಣ ಪತ್ರಿಕೆ ಬೈಂದೂರು ಸೀಮೆಯ ಯಡ್ತರೆಗೆ ತಲುಪಿದೆ. ಮಡಿಕೆ ಬಿಚ್ಚಿದಷ್ಟೂ ಸಮಿತಿಗಳು: ಹೊರೆಕಾಣಿಕೆ, ಚಪ್ಪರ, ಅನ್ನಸಂತರ್ಪಣೆ, ಅಲಂಕಾರ, ಪ್ರಚಾರ, ಸನ್ಮಾನ. ಕಡೆಯ ಮಡಿಕೆಯಲ್ಲಿ, ಪ್ರೆಸ್ಸಿನ ಹೆಸರಿಗೆ ತಾಗಿಕೊಂಡು, ಸ್ವಯಂಸೇವಕರು. ಜನ ಓಡಬೇಕಾಗಿ ಬಂದರೆ ಯಾವ ಕಡೆ ಓಡಬೇಕು ಎಂದು ನೋಡಿಕೊಳ್ಳುವ ಸಮಿತಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೇಳಿದರೆ ತಮ್ಮ ಉತ್ತರ ಊರಿಗೇ ಬಾಯಿಪಾಠ: "ಎಂತದೂ ಆತಿಲ್ಲೆ ಮರ್ರೆ!" ಖರ್ಚಿಲ್ಲದ, ಟೆಂಡರ್ ಬೇಡದ, ಲೆಕ್ಕಪರಿಶೋಧನೆಗೆ ಸಿಗದ ಭದ್ರತಾ ಯೋಜನೆ.

ರಾಜಧಾನಿಗೂ ಇದೇ ಯೋಜನೆ ಹಿಡಿಸಿತ್ತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಧಾನಸೌಧದ ಮೆಟ್ಟಿಲ ಮೇಲೊಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲೊಂದು ಸಂಭ್ರಮ. ಸುಮಾರು 35,000 ಮಂದಿ ಹಿಡಿಸುವ ಜಾಗದ ಸುತ್ತ ಲಕ್ಷಗಟ್ಟಲೆ ಜನ. ಗೇಟುಗಳ ಹೊರಗೆ 11 ಮಂದಿ ಸತ್ತರು, ಒಳಗೆ ಕಾರ್ಯಕ್ರಮ ನಡೆದೇ ಇತ್ತು. ಅಲ್ಲೇನು ದೊಡ್ಡವರಿಗೆ ಬರವಿರಲಿಲ್ಲ. ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಸರ್ಕಾರ, ಪೊಲೀಸ್ ಎಲ್ಲರೂ ಇದ್ದರು. "ನಿಲ್ಲಿಸಿ" ಎಂದು ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಹೆಣ ಬಿದ್ದ ಮೇಲೆ ಎದ್ದಿತು, ಎದ್ದದ್ದೇ ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಹೋಯಿತು.

ಆ ಬಳಿಕ, ಆಗಸ್ಟಿನಲ್ಲಿ, ಜನಸಂದಣಿ ನಿಯಂತ್ರಣ ಮಸೂದೆ ವಿಧಾನಸಭೆಗೆ ಬಂತು. ಅದರ ಪ್ರಕಾರ 7,000ದೊಳಗಿನ ಜನಕ್ಕೆ ಠಾಣಾಧಿಕಾರಿಯ ಅನುಮತಿ ಸಾಕು, 50,000ದವರೆಗೆ ಡಿವೈಎಸ್ಪಿ, ಅದನ್ನೂ ಮೀರಿದರೆ ಎಸ್ಪಿ ಅಥವಾ ಕಮಿಷನರ್. ತಮ್ಮ ಜಾಣ್ಮೆಯ ಮೇಲೆ ಯಡ್ತರೆಗೆ ಪೂರ್ಣ ಭರವಸೆಯಿದೆ. ಠಾಣೆಗೆ ಕೊಡುವ ಅರ್ಜಿಯಲ್ಲಿ ನಿರೀಕ್ಷಿತ ಜನ 6,999. ಅದೇ ದಿನದ ಪತ್ರಿಕಾಗೋಷ್ಠಿಯಲ್ಲಿ "ಲಕ್ಷಾಂತರ ಭಕ್ತಾಭಿಮಾನಿಗಳು".

ಜನ ಸಾಯುವುದು ಕಾಲಡಿಗೆ ಬಿದ್ದು ಮಾತ್ರವಲ್ಲ. ಒಂದು ಚದರ ಮೀಟರಿನಲ್ಲಿ ಏಳು ಮಂದಿ ಒತ್ತಿಕೊಂಡರೆ ಗುಂಪು ನೀರಿನ ಹಾಗೆ ಅಲೆಯೇಳುತ್ತದೆ, ಯಾರ ಕಾಲೂ ಅವರ ಮಾತು ಕೇಳುವುದಿಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರುಗಟ್ಟುತ್ತದೆ. ಕೋಟೇಶ್ವರದ ಕೊಡಿಹಬ್ಬಕ್ಕೆ ಕಬ್ಬಿನ ಕೊಡಿ ಕೊಳ್ಳಲು ಬರುವ ಹೊಸ ಮದುಮಕ್ಕಳಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ರಥಬೀದಿಯ ಅಂಗಡಿ ಜಾಗ ಅಳೆದು ಕೊಡುವವರಿಗೆ ಗೊತ್ತಿದ್ದರೆ ಸಾಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಜನಸಂದಣಿ ನಿರ್ವಹಣೆಗೆಂದು ಒಂದು ಕೈಪಿಡಿ ಹೊರತಂದಿದೆ. ಅದಕ್ಕೂ ಒಂದು ಬಿಡುಗಡೆ ಸಮಾರಂಭ ಮಾಡುವುದಾದರೆ ಓದುವ ಯೋಗ ಬರಬಹುದೇನೋ.

ಪಟಾಕಿಯ ವಿಷಯ. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಜನ ಸೇರಿದ್ದರು. ಸಿಡಿಸುತ್ತಿದ್ದ ಜಾಗಕ್ಕೂ ಪಟಾಕಿ ತುಂಬಿಟ್ಟ ಶೆಡ್ಡಿಗೂ ನಾಲ್ಕು ಹೆಜ್ಜೆಯ ನೆಂಟಸ್ತಿಕೆ. ಒಂದು ಕಿಡಿ ಹಾರಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಮುಂದೆ ಆಸ್ಪತ್ರೆಗಳಲ್ಲಿ ಕೆಲವರು ತೀರಿಕೊಂಡರು. ಅಲ್ಲಿಯೂ ವರ್ಷ ವರ್ಷ ನಡೆದುಬಂದ ತೆಯ್ಯಂ ಕಳಿಯಾಟವೇ. ಇಷ್ಟು ವರ್ಷ ಆಗದ್ದು ಈಗೆಂತಕ್ಕೆ ಆತ್ ಎನ್ನುವ ತಮ್ಮ ವಾದವನ್ನು ಕಿಡಿ ಕೇಳಿಸಿಕೊಂಡಿಲ್ಲ.

ದಾರಿಯ ವಿಷಯ ಇನ್ನೂ ಸ್ವಾರಸ್ಯದ್ದು. ಯಾವ ಕಾರ್ಯಕ್ರಮಕ್ಕೆ ಹೋದರೂ ಮೈಕಿನಲ್ಲಿ ಕೇಳುವುದೇ: "ಕೆಎ 20, ಬಿಳಿ ಕಾರು, ದಾರಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೆಯಬೇಕಾಗಿ ವಿನಂತಿ." ಮೂರು ಸಲ ಕೂಗಿದರೂ ಯಾರೂ ಏಳುವುದಿಲ್ಲ. ಕಾರಿನ ಯಜಮಾನರು ವೇದಿಕೆಯ ಮೇಲೆ, ಪೇಟ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ, ಫೋಟೊ ಮುಗಿಯುವುದನ್ನು ಕಾಯುತ್ತಿರುತ್ತಾರೆ.

ಅಡ್ಡ ಇಟ್ಟದ್ದನ್ನು ಕಡೇ ಗಳಿಗೆಯಲ್ಲಿ ತೆಗೆಯಹೊರಟರೆ ಏನಾಗುತ್ತದೆ ಎಂದು ಈ ಸೀಮೆ ಕಣ್ಣಾರೆ ನೋಡಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬರುತ್ತಿರುವುದನ್ನು ಕಂಡು ಶಿರೂರು ಟೋಲ್‌ಗೇಟಿನ ಸಿಬ್ಬಂದಿ ಲೇನಿನ ಬ್ಯಾರಿಕೇಡ್ ಸರಿಸಲು ಓಡಿದರು. ಮಳೆಗೆ ಒದ್ದೆಯಾದ ಕಾಂಕ್ರೀಟಿನ ಮೇಲೆ ವಾಹನ ಜಾರಿ, ತಿರುಗಿ ಬಡಿಯಿತು. ನಾಲ್ವರು ಹೋದರು. ಅಲ್ಲಿ ಜಾತ್ರೆಯೂ ಇರಲಿಲ್ಲ, ಜನಜಂಗುಳಿಯೂ ಇರಲಿಲ್ಲ.

ಆಪತ್ತಿಗೆಂದು ಒಂದು ಫೋನ್ ನಂಬರ್ ಕೊಟ್ಟರಷ್ಟೇ ಸಾಲದು, ಆ ಕಡೆ ಎತ್ತಿದವರಿಗೆ ಅಧಿಕಾರವೂ ಇರಬೇಕು. ದಕ್ಷಿಣ ಕೊರಿಯಾದ ಸೋಲ್‌ನ ಇಟೆವಾನ್‌ನಲ್ಲಿ 2022ರ ಅಕ್ಟೋಬರ್ 29ರಂದು ಮೂರೂಕಾಲು ಮೀಟರಿನ ಓಣಿಯಲ್ಲಿ ಜನ ಸಿಕ್ಕಿಬಿದ್ದು 159 ಮಂದಿ ಸತ್ತರು. "ಇಲ್ಲಿ ಅಪಾಯವಿದೆ" ಎಂಬ ಮೊದಲ ಕರೆ ಪೊಲೀಸರಿಗೆ ಸಂಜೆ 6.34ಕ್ಕೇ ಹೋಗಿತ್ತು, ದುರಂತಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ ಮೊದಲು.

ಹಾಗಾಗಿ ಯಡ್ತರೆಯ ಬೇಡಿಕೆ ಸಣ್ಣದು. ಮುಂದಿನ ಆಮಂತ್ರಣದಲ್ಲಿ ಗೌರವ ಸಲಹೆಗಾರರ ಪಟ್ಟಿಯನ್ನು ಒಂದು ಸಾಲು ಮೊಟಕುಗೊಳಿಸಿ, ಅಲ್ಲಿ ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರವುಳ್ಳ ಒಬ್ಬರ ಹೆಸರು ಮತ್ತು ನಂಬರ್ ಹಾಕಿ. ಮಂತ್ರಿಗಳ ಭಾಷಣದ ನಡುವೆಯೂ ಅವರು ಮೈಕ್ ಕೇಳಿದರೆ ಕೊಡಬೇಕು. ಹೊರಗೆ ಹೋಗುವ ಒಂದು ದಾರಿಯಲ್ಲಿ ಚರುಮುರಿ ಗಾಡಿಯಾಗಲಿ ಗಣ್ಯರ ಕಾರಾಗಲಿ ನಿಲ್ಲಕೂಡದು. ಮಣಿಪಾಲದ ಆಸ್ಪತ್ರೆ ಇಲ್ಲಿಂದ ಸುಮಾರು 70 ಕಿಲೋಮೀಟರ್, ಮೊದಲ 100 ಮೀಟರಿಗೇ ಅರ್ಧ ಗಂಟೆ ಕಳೆಯಲು ಆಗುವುದಿಲ್ಲ. ಆ ಒಬ್ಬರಿಗೆ ಬೇಕಾದರೆ ಶಾಲು ಹೊದಿಸಿ, ಯಡ್ತರೆಯ ಆಕ್ಷೇಪವಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹೊದಿಸಿ.

ಇಂತಿ,
ಉತ್ಸವ ನೋಡಿ ಮನೆಗೂ ಹೋಗಬೇಕೆಂದಿರುವ
ಯಡ್ತರೆಯ ಪ್ರೇಕ್ಷಕರು