ಪಾತ್ರಮೀಮಾಂಸೆ, ಅಥವಾ ಕಥೆಯೆಂಬ ಭ್ರಮೆಯ ನಿರಸನ

ಚಲಚ್ಚಿತ್ರವನ್ನಾಗಲಿ ವಿಡಿಯೊ ಗೇಮನ್ನಾಗಲಿ ಕುರಿತು ಮಾತನಾಡುವ ಸಜ್ಜನರು, ಮೊದಲು ಕಥೆಯೊಂದು ಹುಟ್ಟುತ್ತದೆಂದೂ, ಅನಂತರ ಆ ಕಥೆಗೆ ತಕ್ಕ ಪಾತ್ರಗಳನ್ನು ಕಲ್ಪಿಸಲಾಗುತ್ತದೆಂದೂ, ಕಟ್ಟಕಡೆಗೆ ಆ ಪಾತ್ರಗಳಿಗೆ ತಕ್ಕ ನಟರನ್ನು ಹುಡುಕಿ ತರಲಾಗುತ್ತದೆಂದೂ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಇದು ಮೊದಲು ಮುಹೂರ್ತವನ್ನಿಟ್ಟು, ಆಮೇಲೆ ಛತ್ರವನ್ನು ಗೊತ್ತುಮಾಡಿ, ಅಡುಗೆಯವರಿಗೆ ಮುಂಗಡವನ್ನೂ ಕೊಟ್ಟು, ಊಟದೆಲೆ ಹಾಸುವ ಹೊತ್ತಿಗೆ ವಧೂವರರನ್ನು ಹುಡುಕಲು ಹೊರಟಂತಾಯಿತೆಂಬ ಅಲ್ಪ ಸಂಗತಿಯು ಅವರ ಗಮನಕ್ಕೆ ಬಾರದಿರುವುದು ಈ ಲೇಖಕನಿಗೆ ಅತ್ಯಂತ ಖೇದವನ್ನುಂಟುಮಾಡಿದೆ. ಪಾತ್ರವರ್ಗವೇ ಮೊದಲು, ಕಥೆಯೆಂಬುದು ಆ ಪಾತ್ರಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ಏಳುವ ಧೂಳು ಮಾತ್ರ. ಇದೇ ನಮ್ಮ ಸಿದ್ಧಾಂತ. ಇದನ್ನು ಶಬ್ದಪ್ರಮಾಣ, ಪ್ರತ್ಯಕ್ಷಪ್ರಮಾಣ ಮತ್ತು ನಮ್ಮ ಅಜ್ಜಿ, ಈ ಮೂರು ಪ್ರಮಾಣಗಳಿಂದ ಸ್ಥಾಪಿಸಲಾಗುವುದು.

ಮೊದಲು ಶಬ್ದಪ್ರಮಾಣ. ಕನ್ನಡದಲ್ಲಿ 'ಪಾತ್ರ' ಎಂದರೆ ನಾಟಕದ ವೇಷವೂ ಹೌದು, ದಾನಕ್ಕೆ ಯೋಗ್ಯನಾದವನೂ ಹೌದು, ನದಿ ಹರಿಯುವ ತಗ್ಗೂ ಹೌದು. ಈ ಮೂರನೆಯ ಅರ್ಥದಲ್ಲಿ ನಮ್ಮ ಸಿದ್ಧಾಂತವೆಲ್ಲವೂ ಅಡಗಿದೆ. ಕಾವೇರಿಯ ನೀರು ಬೇಸಗೆಯಲ್ಲಿ ಬತ್ತಿದರೂ ಕಾವೇರಿಯ ಪಾತ್ರವು ಇದ್ದಲ್ಲೇ ಇರುತ್ತದೆ, ಮಳೆ ಬಂದೊಡನೆ ನೀರು ತೆಪ್ಪಗೆ ಬಂದು ಅದರಲ್ಲೇ ಹರಿಯುತ್ತದೆ. ಆದರೆ ಪಾತ್ರವನ್ನು ಲೆಕ್ಕಿಸದೆ ನೀರು ತನ್ನಿಚ್ಛೆಯಂತೆ ಹರಿಯತೊಡಗಿತೆಂದರೆ ಅದಕ್ಕೆ ಪ್ರವಾಹವೆಂದು ಹೆಸರಾಗಿ ತಹಶೀಲ್ದಾರರು ಗಂಜಿಕೇಂದ್ರವನ್ನು ತೆರೆಯಬೇಕಾಗುತ್ತದೆ. ಕಥೆಯ ಪಾಡೂ ಇದೇ. ಇನ್ನು 'ತಾರಾಗಣ' ಎಂಬ ಶಬ್ದ. ಛಂದಸ್ಸಿನಲ್ಲಿ ಗಣವೊಂದು ತಪ್ಪಿದರೆ ಪದ್ಯದ ಅರ್ಥವೆಷ್ಟೇ ಗಹನವಾಗಿದ್ದರೂ ಅದು ಕುಂಟುತ್ತದೆಂಬುದನ್ನು ಬಲ್ಲ ಹಿರಿಯರೇ ಚಿತ್ರದ ನಟವರ್ಗಕ್ಕೆ ಈ ಹೆಸರನ್ನಿಟ್ಟಿರಬೇಕು. ಹಾಗಲ್ಲವೆಂದು ಯಾರಾದರೂ ಹೇಳಿದರೆ ಅವರೊಡನೆ ವಾದಿಸುವಷ್ಟು ಸಮಯ ನಮಗಿಲ್ಲ.

ಎರಡನೆಯದಾದ ಪ್ರತ್ಯಕ್ಷಪ್ರಮಾಣಕ್ಕೆ ಮುನ್ನ ಮೂರನೆಯದನ್ನೇ ಎತ್ತಿಕೊಳ್ಳುವುದು ಉಚಿತ, ಏಕೆಂದರೆ ಅಜ್ಜಿಯನ್ನು ಕಾಯಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮೂರ ಹೊರಗಿನ ಟೆಂಟ್ ಸಿನಿಮಾದಲ್ಲಿ, ಮುಂದಿನವರ ತಲೆ ಅಡ್ಡ ಬಾರದಿರಲೆಂದು ಮರಳನ್ನು ಗುಡ್ಡೆಮಾಡಿಕೊಂಡು ಅದರ ಮೇಲೆ ಆಸೀನಳಾಗುತ್ತಿದ್ದ ಆಕೆಗೆ ಅಕ್ಷರಜ್ಞಾನವಿರಲಿಲ್ಲ. ಬಲಗಿವಿ ಅಷ್ಟಾಗಿ ಕೇಳಿಸುತ್ತಲೂ ಇರಲಿಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಸಾಹುಕಾರ ಸಿದ್ದಪ್ಪನಾಗಿ ವಜ್ರಮುನಿಯವರು ಪರದೆಯ ಮೇಲೆ ಕಾಣಿಸಿಕೊಂಡ ಕ್ಷಣದಲ್ಲಿ, ಅವರಿನ್ನೂ ಬಾಯಿ ತೆರೆಯುವ ಮುನ್ನವೇ, "ಬಂದನಪ್ಪ ಹಾಳಾದವನು, ಇನ್ನು ಈ ಊರು ಉದ್ಧಾರವಾದ ಹಾಗೇ!" ಎಂದು ಆಕೆ ಇಡೀ ಟೆಂಟಿಗೆ ಕೇಳಿಸುವಂತೆ ತೀರ್ಪಿತ್ತಳು. ಬೇರೊಂದು ಚಿತ್ರದಲ್ಲಿ ಅಶ್ವತ್ಥರು ಆರಾಮಕುರ್ಚಿಯಲ್ಲಿ ಕುಳಿತು ಸುಖವಾಗಿ ಕಾಫಿ ಕುಡಿಯುತ್ತಿರಲು, ಮನೆಯಲ್ಲಿ ಯಾವ ವಿಪತ್ತೂ ಇನ್ನೂ ತಲೆದೋರಿಲ್ಲದಿರಲು, ಅಜ್ಜಿಯು ಆಗಲೇ ಸೆರಗನ್ನು ಕಣ್ಣಿಗೊತ್ತಿಕೊಂಡು, "ಪಾಪ, ಈ ಯಜಮಾನರಿಗೆ ಕಷ್ಟಗಳು ಕಾದಿವೆ" ಎಂದಳು. ಹಾಗೆಯೇ ಆಯಿತು. ಕಥೆಯನ್ನು ಯಾರೂ ಆಕೆಗೆ ಹೇಳಿರಲಿಲ್ಲ, ಮುಖಗಳು ಹೇಳಿದ್ದವು. ಈ ಮುಖಗಳಿಂದ ಬೇರೆ ಯಾವುದಾದರೂ ಕಥೆ ಹುಟ್ಟಲು ಸಾಧ್ಯವಿತ್ತೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಇಂದಿನವರೆಗೆ ಉಪೇಕ್ಷಿಸಿದ್ದಾರೆ.

ಗಾಂಧಿನಗರದವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. "ಹೀರೊ ಡೇಟ್ಸ್ ಕೊಟ್ಟಿದ್ದಾರೆ, ಕಥೆ ಆಮೇಲೆ ನೋಡೋಣ" ಎಂಬ ಅಲ್ಲಿನ ವೇದವಾಕ್ಯದಲ್ಲಿ ನಮ್ಮ ಗ್ರಂಥದ ಸಾರವೇ ಇದೆ. ತಾರಾಗಣವು ಕಥೆಗಷ್ಟೇ ಅಲ್ಲದೆ ಬಂಡವಾಳಕ್ಕೂ ಮೂಲವಾಗಬಲ್ಲದೆಂಬುದಕ್ಕೆ 1960ರ 'ರಣಧೀರ ಕಂಠೀರವ' ನಿದರ್ಶನ: ಕನ್ನಡ ಚಲನಚಿತ್ರ ಕಲಾವಿದರ ಸಂಘದ ಹೆಸರಿನಲ್ಲಿ ಆ ಚಿತ್ರವನ್ನು ನಿರ್ಮಿಸಿದವರು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್, ಎಂದರೆ ಬಹುಪಾಲು ಅದರಲ್ಲಿ ನಟಿಸಿದವರೇ. ಇಲ್ಲಿ ಪಾತ್ರಗಳೇ ಯಜಮಾನರು, ಕಥೆ ಸಂಬಳಕ್ಕಿದ್ದ ಆಳು.

ಈಗ ಪ್ರತ್ಯಕ್ಷಪ್ರಮಾಣ. ಜಪಾನಿನ ನ್ಯಾಮ್ಕೊ ಸಂಸ್ಥೆಯಲ್ಲಿ ತೋರು ಇವಾತಾನಿಯವರು ರೂಪಿಸಿ 1980ರಲ್ಲಿ ಪ್ರಕಟವಾದ 'ಪ್ಯಾಕ್‌ಮ್ಯಾನ್' ಎಂಬ ಆಟದಲ್ಲಿ ಕಥೆಯೆಂಬುದು ಸೂಜಿಮೊನೆಯಷ್ಟೂ ಇಲ್ಲ. ಒಂದು ಚಕ್ರವ್ಯೂಹವಿದೆ; ಅದರಲ್ಲಿ 240 ಚುಕ್ಕಿಗಳೂ 4 ದೊಡ್ಡ ಗುಳಿಗೆಗಳೂ ಇವೆ; ಅವನ್ನು ತಿನ್ನುತ್ತಾ ಓಡುವ, ಬಾಯಿಯ ಹೊರತು ಬೇರೆ ಅವಯವವಿಲ್ಲದ, ಹಳದಿಯ ಒಬ್ಬ ನಾಯಕನಿದ್ದಾನೆ. ಆದರೂ ಅದನ್ನಾಡಿದ ಪ್ರತಿಯೊಬ್ಬನೂ ತಾನೊಂದು ಮಹಾಕಾವ್ಯದ ಮಧ್ಯದಲ್ಲಿರುವಂತೆ ಬೆವರುತ್ತಾನೆ. ಕಾರಣವೇನು? ನಾಲ್ಕು ದೆವ್ವಗಳು. ಅವು ನಾಲ್ಕೂ ಒಂದೇ ಅಚ್ಚಿನವಾದರೂ ಸ್ವಭಾವದಲ್ಲಿ ಬೇರೆ ಬೇರೆ. ಕೆಂಪು ಬಣ್ಣದ ಬ್ಲಿಂಕಿಯು ನಾಯಕನಿರುವ ಮನೆಗೇ ಗುರಿಯಿಟ್ಟು ಬೆನ್ನುಹತ್ತುತ್ತದೆ. ಗುಲಾಬಿ ಬಣ್ಣದ ಪಿಂಕಿಯು ಅವನಿರುವಲ್ಲಿಗೆ ಬಾರದೆ, ಅವನು ಮುಖಮಾಡಿದ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಹೋಗಿ ಹೊಂಚುಹಾಕುತ್ತದೆ. ನೀಲಿಯ ಇಂಕಿಗೆ ಸ್ವಂತ ಬುದ್ಧಿಯೆಂಬುದಿಲ್ಲ. ಬ್ಲಿಂಕಿ ಎಲ್ಲಿದೆಯೆಂದು ನೋಡಿ ತನ್ನ ದಾರಿಯನ್ನು ನಿಶ್ಚಯಿಸುತ್ತದೆ. ಕಿತ್ತಳೆಯ ಕ್ಲೈಡ್ ಮಹಾಶಯನೋ ದೂರದಿಂದ ಆರ್ಭಟಿಸುತ್ತಾ ಬಂದು, ಎಂಟು ಮನೆಗಳಷ್ಟು ಹತ್ತಿರವಾದೊಡನೆ ಏನೋ ಮರೆತವನಂತೆ ತನ್ನ ಮೂಲೆಗೆ ತಿರುಗಿಬಿಡುತ್ತಾನೆ. ಧೀರೋದಾತ್ತ, ಧೀರಲಲಿತ, ಧೀರೋದ್ಧತ, ಧೀರಶಾಂತ ಎಂದು ನಾಯಕರನ್ನು ನಾಲ್ಕಾಗಿ ವಿಂಗಡಿಸಿದ ನಮ್ಮ ಲಾಕ್ಷಣಿಕರು, ಬೆನ್ನಟ್ಟುವವರನ್ನು ನಾಲ್ಕಾಗಿ ವಿಂಗಡಿಸುವ ಕೆಲಸವನ್ನು ಜಪಾನಿನವರಿಗೆ ಬಿಟ್ಟುಹೋದದ್ದು ಶೋಚನೀಯ.

ಸೂಕ್ಷ್ಮವಾಗಿ ನೋಡಿದರೆ ಇದು ಹರಿಶ್ಚಂದ್ರೋಪಾಖ್ಯಾನವಲ್ಲದೆ ಮತ್ತೇನು? ಸಾಲ ತೀರುವವರೆಗೆ ರಾಜನ ಬೆನ್ನು ಬಿಡದ ನಕ್ಷತ್ರಿಕನೇ ಇಲ್ಲಿ ನಾಲ್ಕು ಬಣ್ಣಗಳಲ್ಲಿ ಅವತರಿಸಿದ್ದಾನೆ. ರಾಘವಾಂಕನ ಕಾವ್ಯದಲ್ಲಿಯೂ ಸತ್ಯವೆಂಬುದು ದೊಡ್ಡ ಮಾತಾಯಿತು, ಆದರೆ ಕಥೆಯನ್ನು ಮುಂದಕ್ಕೆ ತಳ್ಳುವವನು ಬೆನ್ನ ಹಿಂದೆ ನಿಂತು ಬಾಕಿ ಕೇಳುವವನು. 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಆ ನಕ್ಷತ್ರಿಕನು ನರಸಿಂಹರಾಜು ಆದದ್ದರಿಂದ, ಜನರು ಹರಿಶ್ಚಂದ್ರನ ಕಷ್ಟಕ್ಕೆ ಅತ್ತು, ಅದೇ ಕಷ್ಟ ಕೊಡುವವನನ್ನು ನೋಡಿ ನಗುವ ವಿಚಿತ್ರ ಸ್ಥಿತಿಗೆ ಬಂದರು. ತಾರಾಗಣದಲ್ಲಿ ಒಂದು ನಕ್ಷತ್ರ ಸ್ಥಾನ ಬದಲಿಸಿದರೆ ರಸವೇ ಬದಲಾಗುತ್ತದೆ. ಒಂದು ಭೇದವನ್ನು ಮಾತ್ರ ಪ್ರಾಮಾಣಿಕತೆಯಿಂದ ಒಪ್ಪಿಕೊಳ್ಳಬೇಕು: ಪ್ಯಾಕ್‌ಮ್ಯಾನನು ದೊಡ್ಡ ಗುಳಿಗೆಯನ್ನು ನುಂಗಿದೊಡನೆ ಬೆನ್ನಟ್ಟುವವರು ನೀಲಿಗಟ್ಟಿ ನಡುಗುತ್ತಾರೆ, ಅವನು ತಿರುಗಿ ನಿಂತು ಅವರನ್ನೇ ತಿಂದುಬಿಡುತ್ತಾನೆ. ಹರಿಶ್ಚಂದ್ರನು ಯಾವ ಸಂದರ್ಭದಲ್ಲಿಯೂ ನಕ್ಷತ್ರಿಕನನ್ನು ತಿಂದ ಉಲ್ಲೇಖವಿಲ್ಲ.

ಪಾತ್ರಗಳಿಂದ ಆಟ ಹುಟ್ಟುವುದು ಒಂದು ಬಗೆ; ಪಾತ್ರಗಳು ಕೈಗೆ ಸಿಗದ ಕಾರಣದಿಂದಲೇ ಹುಟ್ಟುವುದು ಇನ್ನೊಂದು. ನಿಂಟೆಂಡೊದವರಿಗೆ ಪಾಪಾಯ್ ಎಂಬ ನಾವಿಕನನ್ನೂ ಅವನ ಪ್ರೇಯಸಿಯನ್ನೂ ಅವನ ವೈರಿಯಾದ ದಢೂತಿ ಬ್ಲೂಟೊನನ್ನೂ ಬಳಸಿಕೊಳ್ಳುವ ಹಕ್ಕು ದೊರೆಯದೆ ಹೋದಾಗ, ಶಿಗೆರು ಮಿಯಾಮೊಟೊ ಅವರು ಆ ಮೂರು ಸ್ಥಾನಗಳಲ್ಲಿ ಒಬ್ಬ ಬಡಗಿಯನ್ನೂ ಒಬ್ಬ ಕನ್ಯೆಯನ್ನೂ ಒಂದು ಗೊರಿಲ್ಲವನ್ನೂ ಕೂರಿಸಿದರು. 1981ರಲ್ಲಿ 'ಡಾಂಕಿ ಕಾಂಗ್' ಬಂತು. ಆ ಬಡಗಿಯೇ ಮುಂದೆ ಮರಿಯೊ ಆದದ್ದು. ಬೆರಳೆಣಿಕೆಯ ಚುಕ್ಕಿಗಳಲ್ಲಿ ಕೂದಲನ್ನು ಬರೆಯುವುದು ಕಷ್ಟವೆಂದು ಅವನಿಗೆ ಟೊಪ್ಪಿಗೆ ಬಂತು, ಬಾಯಿ ಬರೆಯುವ ಕಷ್ಟ ತಪ್ಪಲೆಂದು ಮೂಗಿನಡಿಯಲ್ಲಿ ಮೀಸೆ ಬಂತು. ಮೀಸೆಯು ಪೌರುಷದಿಂದ ಹುಟ್ಟುತ್ತದೆಂದು ನಂಬಿದ್ದವರು ಈ ವಾಕ್ಯವನ್ನು ಮತ್ತೊಮ್ಮೆ ಓದತಕ್ಕದ್ದು.

ಇನ್ನು 'ವರ್ಗ' ಎಂಬ ಶಬ್ದದ ಗಣಿತಾರ್ಥವನ್ನು ವಿಚಾರಿಸೋಣ. ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ವರ್ಗ. ಪಾತ್ರವರ್ಗವೂ ಹಾಗೆಯೇ ಬೆಳೆಯುತ್ತದೆ. ಕ್ಯಾಪ್‌ಕಾಮ್ ಸಂಸ್ಥೆಯ 'ಸ್ಟ್ರೀಟ್ ಫೈಟರ್ 2' ಎಂಬ ಹೊಡೆದಾಟದ ಆಟವು 1991ರಲ್ಲಿ ಬಂದಾಗ ಆಡುವವನು ಆರಿಸಿಕೊಳ್ಳಬಹುದಾದ ಜಟ್ಟಿಗಳು 8. ಅವರಲ್ಲಿ ಒಬ್ಬೊಬ್ಬರನ್ನೂ ಉಳಿದವರೊಡನೆ ಕಾದಿಸಿದರೆ 28 ಜೋಡಿ. ಮರುವರ್ಷ 12 ಮಂದಿಯಾದರು; ಜೋಡಿಗಳು 66. ಎಂಬತ್ತು ಮಂದಿಯನ್ನು ತಂದು ನಿಲ್ಲಿಸಿದರೆ 3,160 ಜಗಳಗಳು, ಇಷ್ಟರಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಆಟ ರೂಪಿಸುವವರ ಹಣೆಬರಹ. ಅವಿಭಕ್ತ ಕುಟುಂಬದಲ್ಲಿ ಬೆಳೆದ ಯಾವನೇ ಕನ್ನಡಿಗನಿಗೂ ಈ ಗಣಿತವನ್ನು ವಿವರಿಸಬೇಕಾಗಿಲ್ಲ.

ಆ ಮೊದಲ ಎಂಟು ಜಟ್ಟಿಗಳಲ್ಲಿ ನಮ್ಮ ದೇಶದವನು ಧಾಲ್ಸಿಮ್: ಕೊರಳಲ್ಲಿ ತಲೆಬುರುಡೆಗಳ ಮಾಲೆ, ಬಾಯಲ್ಲಿ ಬೆಂಕಿ, ಬೇಕೆಂದಾಗ ಮಾರುದ್ದ ಚಾಚುವ ಕೈಕಾಲು. ನನ್ನ ಮೊಮ್ಮಗನು ಒಂದು ರಜಾದಿನ "ತಾತ, ನೀವು ಯಾರನ್ನು ತಗೋತೀರಿ?" ಎಂದಾಗ, ದೇಶಾಭಿಮಾನದಿಂದ ನಾನು ಧಾಲ್ಸಿಮನನ್ನೇ ಆರಿಸಿಕೊಂಡೆ, ನಾನು ಕೈಯನ್ನು ಚಾಚಿ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಅವನ ಚುನ್‌ಲಿಯು ನನ್ನನ್ನು ನೆಲಕ್ಕುರುಳಿಸಿದ್ದಳು. ಯೋಗಕ್ಕೆ ಸಾವಧಾನ ಬೇಕೆಂದು ಹೇಳಿದೆ. ಅವನು ಒಪ್ಪಲಿಲ್ಲ.

ಆದರೆ ನಮ್ಮ ಸಿದ್ಧಾಂತದ ಮುಕುಟಮಣಿಯೆಂದರೆ ಇದೇ ಆಟವನ್ನು ಆಧರಿಸಿ 1994ರಲ್ಲಿ ಹಾಲಿವುಡ್ಡಿನಲ್ಲಿ ತೆಗೆದ ಚಲಚ್ಚಿತ್ರ. ಆಟದಲ್ಲಿ ನಾಯಕನಾರು? ಆಡುವವನು ಆರಿಸಿಕೊಂಡವನು. ಸಾಂಪ್ರದಾಯಿಕವಾಗಿ ಹೇಳಬೇಕೆಂದರೆ, 1987ರ ಮೊದಲ ಆಟದಿಂದಲೂ ಇದ್ದ ರ್ಯೂ ಎಂಬ ಜಪಾನಿ ಸಾಧಕ, ಜೊತೆಗೆ ಕೆನ್. ಆದರೆ ಚಿತ್ರಕ್ಕೆ ಡೇಟ್ಸ್ ಕೊಟ್ಟ ತಾರೆ ಬೆಲ್ಜಿಯಮ್ಮಿನ ಜಾನ್ ಕ್ಲಾಡ್ ವಾನ್ ಡಾಮ್. ಅವರು ವಹಿಸಿದ್ದು ಅಮೆರಿಕದ ಸೇನಾನಿ ಗೈಲ್‌ನ ವೇಷ. ಅಷ್ಟರಿಂದಲೇ ಕಾವ್ಯದ ಅಕ್ಷವು ಕೀಲು ಕಳಚಿ ಗೈಲ್‌ನ ಸುತ್ತ ತಿರುಗತೊಡಗಿತು. ರ್ಯೂ ಮತ್ತು ಕೆನ್ ಇಬ್ಬರೂ ಆಟಿಕೆಯ ಬಂದೂಕುಗಳನ್ನು ನಿಜವಾದವೆಂದು ಮಾರಲು ಹೋಗುವ ಠಕ್ಕರಾದರು. ಉಳಿದವರಿಗೂ ಉದ್ಯೋಗ ಬೇಡವೇ? ಚುನ್‌ಲಿ ಟಿವಿ ವರದಿಗಾರ್ತಿಯಾದಳು; ಮುಷ್ಟಿಯುದ್ಧದ ಬಾಲ್‌ರಾಗ್ ಮತ್ತು ಸುಮೊ ಜಟ್ಟಿ ಹೊಂಡ ಅವಳ ತಂಡದ ನೌಕರರಾದರು. ಸ್ಥಳ ಸಾಲದಾದಾಗ ಬ್ಲಾಂಕಾ, ಚಾರ್ಲಿ ಎಂಬಿಬ್ಬರನ್ನು ಒಂದೇ ದೇಹದೊಳಗೆ ಸೇರಿಸಲಾಯಿತು. ತುಂಬಿದ ಬಸ್ಸಿನಲ್ಲಿ ಕಂಡಕ್ಟರು "ಒಳಗೆ ಸರೀರಿ" ಎನ್ನುವುದಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಇನ್ನು ಧಾಲ್ಸಿಮ್. ರಿಚರ್ಡ್ ಅಟೆನ್‌ಬರೊ ಅವರ 'ಗಾಂಧಿ' ಚಿತ್ರದಲ್ಲಿಯೂ, ದೂರದರ್ಶನದ 'ಭಾರತ್ ಏಕ್ ಖೋಜ್' ಸರಣಿಯಲ್ಲಿಯೂ ಜವಾಹರಲಾಲ್ ನೆಹರೂ ಆಗಿದ್ದ ರೋಶನ್ ಸೇಠ್ ಅವರಿಗೆ ಆ ಪಾತ್ರ ಬಂತು. ನೆಹರೂ ಆಗಿದ್ದವರು ಬುರುಡೆಮಾಲೆ ಧರಿಸಿ ಬೆಂಕಿ ಉಗುಳುವುದು ಶೋಭಿಸೀತೇ? ಧಾಲ್ಸಿಮನು ವಿಜ್ಞಾನಿಯಾದನು. ವೈಜ್ಞಾನಿಕ ಮನೋಭಾವವು ಹೀಗೆ ನಟನ ಮುಖದಿಂದ ಪಾತ್ರಕ್ಕೆ ಸೋರಿತೆಂದೇ ನಮ್ಮ ನಿರ್ಣಯ.

ಖಳನಾಯಕ ಬೈಸನ್ನನಾದವರು ರಾವುಲ್ ಹೂಲಿಯಾ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದ್ದ, ಆ ವೇಳೆಗೆ ಕ್ಯಾನ್ಸರಿನಿಂದ ಬಳಲುತ್ತಿದ್ದ ಈ ನಟ, ತನ್ನ ಮಕ್ಕಳಿಗೆ ಆ ಆಟ ಇಷ್ಟವೆಂದು ಪಾತ್ರವನ್ನು ಒಪ್ಪಿಕೊಂಡರೆಂದು ಹೇಳುತ್ತಾರೆ. ಚಿತ್ರ ತೆರೆಕಾಣುವ ಮುನ್ನವೇ, ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು. ಬೊಂಬೆಯಂಥ ಆ ಸರ್ವಾಧಿಕಾರಿಯ ಮಾತುಗಳನ್ನು ಅವರು ರಾವಣನ ಮಾತುಗಳೆಂಬಂತೆ ಆಡಿದ್ದಾರೆ. ಚಿತ್ರದಲ್ಲಿ ಇಂದಿಗೂ ನೋಡತಕ್ಕದ್ದು ಅದೊಂದೇ. ಇಲ್ಲಿ ಅಣಕಕ್ಕೆ ಎಡೆಯಿಲ್ಲವಾದುದರಿಂದ ಮುಂದೆ ಹೋಗೋಣ.

ಮುಂದೆ ಹೋದರೆ ಸಿಗುವುದು ಬೀಜವೃಕ್ಷನ್ಯಾಯ. 1995ರಲ್ಲಿ ಆ ಚಿತ್ರವನ್ನು ಆಧರಿಸಿ, ಚಿತ್ರದ ನಟರ ಛಾಯಾಚಿತ್ರಗಳನ್ನೇ ಚಲಿಸುವಂತೆ ಮಾಡಿ, ಮತ್ತೊಂದು ಆಟವನ್ನು ಹೊರತಂದರು. ಎಂದರೆ, ಆಟವನ್ನು ಆಧರಿಸಿದ ಚಿತ್ರವನ್ನು ಆಧರಿಸಿದ ಆಟ. ಕಥೆಯು ಈ ಎರಡು ಪ್ರಯಾಣಗಳಲ್ಲಿ ಎಲ್ಲೋ ಇಳಿದುಹೋಯಿತು. ವಾನ್ ಡಾಮ್ ಮಾತ್ರ ಇಳಿಯಲಿಲ್ಲ.

ಪೂರ್ವಪಕ್ಷದವರು ಈಗ ಕೈಯೆತ್ತುತ್ತಾರೆ: ಕಥೆ ಗಟ್ಟಿಯಾಗಿದ್ದರೆ, ಪುರಾಣದ್ದಾಗಿದ್ದರೆ, ನಟರು ಯಾರಾದರೇನು? ಇದಕ್ಕೆ ನಮ್ಮ ಶಾಲೆಯಲ್ಲಿ ನಡೆದ 'ಹರಿಶ್ಚಂದ್ರ' ನಾಟಕವೇ ಸಮಾಧಾನ. ನನ್ನದು ನಕ್ಷತ್ರಿಕನ ವೇಷ. ನಾಟಕದ ಹಿಂದಿನ ದಿನ ಲೋಹಿತಾಶ್ವನಿಗೆ ಮಂಗನಬಾವು ಬಂತು. ಬದಲಿಗೆ ಸಿಕ್ಕ ಹುಡುಗನನ್ನು, ತನ್ನ ತಾಯಿಯ ಸೀರೆಯುಟ್ಟ ನಮ್ಮ ಚಂದ್ರಮತಿಯು ಮೂರು ಸಲ ಎತ್ತಲು ಯತ್ನಿಸಿ, ನಾಲ್ಕನೆಯ ಸಲ ಅವನ ಮೇಲೆಯೇ ಬಿದ್ದಳು. ಡ್ರಾಯಿಂಗ್ ಮೇಷ್ಟರು ಯೋಚಿಸಿ ಹಾವನ್ನೇ ತೆಗೆದುಹಾಕಿದರು. ಹಾವಿಲ್ಲದೆ ಮಗ ಸಾಯಲಿಲ್ಲ. ಮಗ ಸಾಯದೆ ಚಂದ್ರಮತಿ ಸ್ಮಶಾನಕ್ಕೆ ಬರಲಿಲ್ಲ. ಆಕೆ ಬಾರದೆ ಕತ್ತಿಯೆತ್ತುವ ಪ್ರಸಂಗವಿಲ್ಲ. ಕತ್ತಿಯೆತ್ತದೆ ಪರಶಿವನು ಪ್ರತ್ಯಕ್ಷನಾಗಲು ಕಾರಣವಿಲ್ಲ. ಕೋಲು ಹಿಡಿದ ಹರಿಶ್ಚಂದ್ರನು, ಯಾವ ಹೆಣವೂ ಬಾರದ ಸ್ಮಶಾನದಲ್ಲಿ ಪೆಟ್ರೊಮ್ಯಾಕ್ಸ್ ದೀಪದ ಕೆಳಗೆ ನಿಂತೇ ಇದ್ದನು. ಐದು ನಿಮಿಷಗಳಾದವು. ಸಭೆಯಲ್ಲಿ ಕೆಮ್ಮು ಶುರುವಾಯಿತು. ಕಾಶಿಯಲ್ಲೇ ಬಾಕಿ ವಸೂಲಾಗಿ ನನ್ನ ಕೆಲಸ ಮುಗಿದಿದ್ದರೂ, ಬಣ್ಣ ಅಳಿಸದೆ ಉಳಿದವನು ನಾನೊಬ್ಬನೇ ಆದ್ದರಿಂದ ಮೇಷ್ಟರು ನನ್ನನ್ನು ರಂಗಕ್ಕೆ ನೂಕಿದರು. ಹರಿಶ್ಚಂದ್ರನು ನನ್ನನ್ನು ಕಂಡು ನಿಜವಾಗಿಯೇ ಗಾಬರಿಯಾಗಿ, "ಇನ್ನೂ ಎಷ್ಟು ಬಾಕಿ?" ಎಂದನು. ಮೊತ್ತ ನನಗೆ ತಿಳಿದಿರಲಿಲ್ಲ. ಹಾರ್ಮೋನಿಯಂ ಮೇಷ್ಟರು ಅವಸರದಲ್ಲಿ ಮಂಗಳವನ್ನು ಎತ್ತಿಕೊಂಡರು.

ಮುಂದಿನ ಚಾಪೆಯಲ್ಲಿ ಕುಳಿತಿದ್ದ ನಮ್ಮಜ್ಜಿ, ಪಕ್ಕದವರ ಕಡೆಗೆ ಎಡಗಿವಿಯನ್ನು ತಿರುಗಿಸಿಕೊಂಡು, "ಅವನು ಮತ್ತೆ ಬಂದೇ ಬರುತ್ತಾನೆ ಅಂತ ನನಗೆ ಆಗಲೇ ಗೊತ್ತಿತ್ತು" ಎಂದಳು.